ಮೊನೆಯಿರುವ ಕಬ್ಬಿಣ

ದ್ವೀಪದ ಅಂಚಿನಲ್ಲಿ ಗಸ್ತು ದೋಣಿ ನಿಲ್ಲಿಸಿ, ಅಧಿಕಾರಿ ಬಂಡೆ ಹತ್ತಿ ಕಾಯುತ್ತಿದ್ದ. ಪಕ್ಕದಲ್ಲೇ ಹೊಸ ಫಲಕವಿತ್ತು: ಇಲ್ಲಿ ಹವಳವಿದೆ, ಈಟಿಯಿಂದ ಮೀನು ಹೊಡೆಯುವಂತಿಲ್ಲ. ಚಿಪ್ಪು ಆಯಲು ಮುಳುಗಿದ್ದ ಮುದುಕಿಯೊಬ್ಬಳು ನೀರಿನಿಂದ ಮೇಲೆ ಬಂದದ್ದೇ ತಡ, ಅವಳ ಕೈಯಲ್ಲಿದ್ದ ಸಲಾಕೆಯನ್ನು ಕಸಿದುಕೊಂಡ.

"ಈಟಿ ಅಲ್ಲ ಮಾರಾಯ್ರೇ ಅದು. ಬಂಡೆಯಿಂದ ಚಿಪ್ಪು ಎಬ್ಬಿಸೂದು. ನಲವತ್ತು ವರ್ಷದಿಂದ ನನ್ನ ಅನ್ನ. ಕೊಡಿ."

"ಮೊನೆಯಿರೋ ಕಬ್ಬಿಣ ಯಾವುದೂ ಈ ನೀರಿಗೆ ಇಳಿಯೋ ಹಾಗಿಲ್ಲ. ಜಪ್ತಿ!"

"ಯಾವುದೂ?"

"ಯಾವುದೂ. ಯಾರದ್ದೇ ಇರಲಿ. ಎಷ್ಟು ಮೀನು ಚುಚ್ಚಿದೆ, ಹೇಳು."

"ಚೀಲ ಕಾಣಿ."

ಚೀಲದಲ್ಲಿ ಒಂದು ಚಿಪ್ಪೂ ಇರಲಿಲ್ಲ.

"ಮತ್ತೆ ಇಷ್ಟು ಹೊತ್ತು ಕೆಳಗೆ ಏನು ಮಾಡ್ತಿದ್ದೆ?"

"ಹವಳದಲ್ಲಿ ಒಂದು ಕಬ್ಬಿಣ ಸಿಕ್ಕಿ ಕೂತಿತ್ತು. ನಾಲ್ಕು ಮೊನೆಯದ್ದು. ನನ್ನ ತಲೆಯಷ್ಟು ದೊಡ್ಡ ಹವಳದ ಗಡ್ಡೆ ಮುರಿದು ಹಾಕಿತ್ತು. ಮೂರು ಸಲ ಮುಳುಗಿ, ಸಲಾಕೆ ಹಾಕಿ ಮೀಟಿ ಬಿಡಿಸಿದೆ."

"ಯಾವನೋ ಕಳ್ಳ ಬೇಟೆಗಾರನದ್ದು! ಎಲ್ಲಿ ಅದು? ಅದೂ ಜಪ್ತಿ."

"ಹಿಂದೆ ತಿರುಗಿ ಕಾಣಿ."

ಅಧಿಕಾರಿ ತಿರುಗಿದ. ಅವನ ಗಸ್ತು ದೋಣಿ ಸಡಿಲಗೊಂಡ ಲಂಗರನ್ನು ಎಳೆದುಕೊಂಡು, ಒಳಗೆ ಯಾರೂ ಇಲ್ಲದೆ, ತನ್ನಷ್ಟಕ್ಕೆ ತೇಲಿ ಹೋಗುತ್ತಿತ್ತು.

"ಅಯ್ಯೋ, ಹಿಡಿಬೇಕು! ನನಗೆ ಈಜು ಬರಲ್ಲ. ಅಮ್ಮಾ, ನಿಮ್ಮ ದೋಣಿ ತೆಗೀರಿ, ಬೇಗ!"

ಮುದುಕಿ ಸೆರಗು ಹಿಂಡಿದಳು. ಬಂಡೆಗೆ ಕಟ್ಟಿದ್ದ ತನ್ನ ಪುಟ್ಟ ದೋಣಿಗೆ ಇಳಿದು, ಒಂದು ಕೈಯಲ್ಲಿ ಹುಟ್ಟು ಹಿಡಿದು, ಇನ್ನೊಂದು ಕೈಯನ್ನು ಅವನತ್ತ ಚಾಚಿದಳು.

"ಮೊದಲು ನನ್ನ ಸಲಾಕೆ."