ಎಂಟು ಕೆ.ಜಿ. ಹೆಚ್ಚಿಗೆ

ಸೂಟ್‌ಕೇಸ್ ಮೂವತ್ತೊಂದು ಕೆ.ಜಿ. ತೂಗಿತು. ಮಿತಿ ಇಪ್ಪತ್ತಮೂರು. ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಆಗದೆಂದು ತಲೆಯಾಡಿಸಿದ್ದೇ ತಡ, ಕೆರೆ ಇಲಾಖೆಯ ನಿರ್ದೇಶಕರು ಕೈಗಡಿಯಾರ ನೋಡಿಕೊಂಡರು.

ಹೊರಟಿದ್ದವರು ಅವರಲ್ಲ, ಅವರ ಕೈಕೆಳಗಿನ ಕೆರೆ ಅಧಿಕಾರಿ. ಊರ ನಡುವಿನ ಕೆರೆಗೆ ಹನ್ನೆರಡು ವರ್ಷದಿಂದ ಪ್ಯಾಂಟು ಮಡಚಿ ಇಳಿದು ಕಪ್ಪೆ ಎಣಿಸುತ್ತಿದ್ದ ಈ ಮನುಷ್ಯನನ್ನು ಇಡೀ ಕಚೇರಿ ಕಪ್ಪೆರಾಯರೆಂದೇ ಕರೆಯುತ್ತಿತ್ತು, ಎದುರಿಗೂ. ಅದಕ್ಕೆ ಅವರು ಬೇಸರಪಟ್ಟವರಲ್ಲ. ಅಂಥ ಸಾಧು ಪ್ರಾಣಿ ಒಂದೇ ಒಂದು ವಿಷಯಕ್ಕೆ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಕೆರೆ ಮುಚ್ಚುವ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ.

ಗಡುವು ಇವತ್ತು ಸಂಜೆ ಐದಕ್ಕೆ. ಅಷ್ಟರೊಳಗೆ, ಕೆರೆಯನ್ನು ಸಂರಕ್ಷಿಸಬೇಕಿಲ್ಲವೆಂಬ ಇಲಾಖೆಯ ಆಕ್ಷೇಪಣೆ, ಮೂಲ ಕಡತದ ಸಮೇತ, ಮೇಲಿನ ಸಮಿತಿಗೆ ತಲುಪಿದರೆ ಕೆರೆ ಕೆರೆಯಲ್ಲ, ಬರೀ ಜೌಗು ನೆಲ. ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಕಟ್ಟಡದ ಧಣಿಯ ಇಪ್ಪತ್ತು ಅಂತಸ್ತು ಅಲ್ಲಿ ಏಳಬಹುದು. ತಲುಪದಿದ್ದರೆ ಕೆರೆ ಸಂರಕ್ಷಿತ ಪಟ್ಟಿಗೆ ಸೇರಿಹೋಗುತ್ತದೆ, ಆಮೇಲೆ ಅಲ್ಲಿ ಇಟ್ಟಿಗೆಯ ಮಾತೇ ಇಲ್ಲ. ಆಕ್ಷೇಪಣೆಗೆ ಕೆರೆ ಅಧಿಕಾರಿಯ ಸಹಿ ಬೇಕು. ಆದರೆ ನಿಯಮದಲ್ಲೊಂದು ಕಿಂಡಿಯಿತ್ತು: ಆ ಅಧಿಕಾರಿ ದೇಶದಲ್ಲಿಲ್ಲದಿದ್ದರೆ ನಿರ್ದೇಶಕರೇ ಸಹಿ ಹಾಕಬಹುದು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿರ್ದೇಶಕರು ಕಪ್ಪೆರಾಯರಿಗೆ ಒಂಬತ್ತು ದಿನದ ವಿದೇಶ ಪ್ರವಾಸ ಕೊಡಿಸಿದರು. ವಿಷಯ: ಕೆರೆಗಳ ಸಂರಕ್ಷಣೆ. ಅದನ್ನು ನೆನೆನೆನೆದು ಎರಡು ದಿನ ಒಬ್ಬರೇ ನಕ್ಕರು. ತಾವು ಐದು ಸಲ ಪರಿಸರ ಉಳಿಸಲು ವಿದೇಶಕ್ಕೆ ಹೋಗಿ, ಐದು ಸಲವೂ ಹೊಸ ಸೂಟ್‌ಕೇಸಿನೊಂದಿಗೆ ಮರಳಿದವರು. ವಿಮಾನದ ಟಿಕೆಟ್ಟಿಗೆ ಬಗ್ಗದ ತಲೆಯಿಲ್ಲ ಎಂಬುದು ಅವರ ಅನುಭವ.

ಹೊರಡಿಸುವುದು ಮಾತ್ರ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಂತಾಯಿತು. ವೀಸಾ ಬಂದರೆ ಟಿಕೆಟ್ ಇಲ್ಲ, ಟಿಕೆಟ್ ಬಂದರೆ ಅನುಮತಿ ಇಲ್ಲ. ಕೊನೆಗೆ ಕಪ್ಪೆರಾಯರೇ ಹಿಗ್ಗಿ ಹೀರೇಕಾಯಿಯಾಗಿ, ಹನ್ನೊಂದು ಅನುಮತಿ ಹಾಳೆಗಳನ್ನು ಟೈಪು ಮಾಡಿ ತಂದರು. ನಿರ್ದೇಶಕರು ಒಂದನ್ನೂ ಓದದೆ ಹನ್ನೊಂದಕ್ಕೂ ಹಸಿರು ಶಾಯಿಯಲ್ಲಿ ಸಹಿ ಜಡಿದರು. ನಿನ್ನೆ ಬೀಳ್ಕೊಡುಗೆ ಸಭೆ ನಡೆಸಿ, ‘ಕೆರೆಯ ಕಾವಲುಗಾರನಿಗೆ’ ಎಂದು ಕೆತ್ತಿಸಿದ ಭಾರೀ ಕಲ್ಲಿನ ಫಲಕವನ್ನೂ ಕೊಟ್ಟರು. ಮೂಗಿಗೆ ತುಪ್ಪ ಸವರುವಾಗ ಕೈ ಬಿಗಿ ಮಾಡಬಾರದು.

ಈಗ ನೋಡಿದರೆ ಎಂಟು ಕೆ.ಜಿ. ಅಡ್ಡ ಬಂದು ಕೂತಿತ್ತು.

“ಏನಾದ್ರೂ ತೆಗೀಲೇಬೇಕು ಸರ್,” ಎಂದಳು ಹುಡುಗಿ.

ಕಪ್ಪೆರಾಯರ ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದರು. “ಮನೇಲಿ ನಾನೇ ತೂಗಿದ್ದೆ, ಇಪ್ಪತ್ತೆರಡಿತ್ತು. ಹೋಗ್ಲಿ, ಸ್ವೆಟರ್ ಎರಡನ್ನೂ ತೆಗೆದು ಕೈಯಲ್ಲಿ ಹಿಡ್ಕೊಳ್ಳಿ.”

“ಸ್ವೆಟರ್ ಇಲ್ಲ ಕಣೇ. ಬೆಳಗ್ಗೆ ಫಲಕದ ಸಲುವಾಗಿ ಆಫೀಸಿಗೆ ಹೋಗಿದ್ನಲ್ಲ, ಪೆಟ್ಟಿಗೇಲಿ ಜಾಗ ಸಾಲಲಿಲ್ಲ. ಅಲ್ಲೇ ಇಟ್ಟು ಬಂದೆ.”

“ಅಲ್ಲಿ ಹಿಮ ಬೀಳತ್ತಂತೆ! ಕಲ್ಲು ಹೊದ್ಕೊಂಡು ಮಲಗ್ತೀರಾ?”

ನಿರ್ದೇಶಕರು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡರು. ಮಾಡಿದ್ದುಣ್ಣೋ ಮಹಾರಾಯ. ಮರದ ಫಲಕ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?

ಕಪ್ಪೆರಾಯರು ಸೂಟ್‌ಕೇಸಿನ ಬೀಗಕ್ಕೆ ಕೈ ಹಾಕಿದರು. “ತೆಗಿ ಅಂದ್ರೆ ತೆಗೀತೀನಿ ಸರ್. ಆದ್ರೆ ಇದನ್ನ ಇಲ್ಲಿ ಬಿಟ್ಟು ಹೋಗೋಕೆ ನಂಗೆ ಮನಸ್ಸಿಲ್ಲ. ಅದಕ್ಕಿಂತ ನಾನೇ ಉಳ್ಕೊಂಡ್ಬಿಡ್ತೀನಿ.”

“ಛೆ ಛೆ, ಮುಟ್ಟಬೇಡಿ!” ನಿರ್ದೇಶಕರ ದನಿಗೆ ಸಾಲಿನವರೆಲ್ಲ ತಿರುಗಿ ನೋಡಿದರು. ಹೆಚ್ಚುವರಿ ತೂಕದ ಹಣವನ್ನು ಅವರೇ ಕಟ್ಟಿದರು. ಓರೆಯಾಗಿ ಕೂತಿದ್ದ ಪೆಟ್ಟಿಗೆಯನ್ನು ಸೊಂಟ ಹಿಡಿದುಕೊಂಡೇ ಎತ್ತಿ ನೆಟ್ಟಗಿಟ್ಟರು. ಅದು ಚಲಿಸುವ ಪಟ್ಟಿಯ ಮೇಲೆ ಜಾರಿ ರಬ್ಬರಿನ ಪರದೆಯ ಹಿಂದೆ ಮರೆಯಾಗುವವರೆಗೂ ಕಣ್ಣು ಕೀಳಲಿಲ್ಲ.

ಕಪ್ಪೆರಾಯರ ಕಣ್ಣು ತುಂಬಿತ್ತು. “ಇದನ್ನ ಕಳಿಸೋಕೆ ನೀವೇ ಕೈ ಹಾಕ್ತೀರಿ ಅಂತ ಕನಸಲ್ಲೂ ಎಣಿಸಿರಲಿಲ್ಲ ಸರ್.” ಜೇಬಿನಿಂದ ಒಂದು ಬೀಗದ ಕೈ ತೆಗೆದು ಕೊಟ್ಟರು. “ಕೆರೆ ಕಪಾಟಿಂದು. ನಾನು ಬರೋ ತನಕ ನಿಮ್ಮ ಹತ್ರಾನೇ ಇರ್ಲಿ.”

ಬೀಗ ಒಡೆಸಲು ಆಳನ್ನು ಗೊತ್ತು ಮಾಡಿಟ್ಟಿದ್ದ ನಿರ್ದೇಶಕರಿಗೆ ಒಂದು ಕ್ಷಣ ಪಾಪ ಅನ್ನಿಸಿತು. ನಿಲ್ದಾಣದ ಬಾಗಿಲು ದಾಟುವಷ್ಟರಲ್ಲಿ ಅದು ಹೋಯಿತು.

ವಿಮಾನ ಮೇಲೇರಿದ್ದು ಖಾತ್ರಿಯಾದ ಮೇಲೆಯೇ ಅವರು ಕಚೇರಿಗೆ ಮರಳಿದರು. ಗಂಟೆ ಮೂರು. ಅವರ ಮೇಜಿನ ಮೇಲೆ ಇಪ್ಪತ್ತು ಅಂತಸ್ತಿನ ರಟ್ಟಿನ ಮಾದರಿಯಿಟ್ಟುಕೊಂಡು ಕಟ್ಟಡದ ಧಣಿ ಕಾಯುತ್ತಿದ್ದ. ಮಾದರಿಯ ಮುಂದೆ ಅಂಗೈಯಗಲ ನೀಲಿ ಬಣ್ಣ ಬಳಿದಿತ್ತು.

“ಪರಿಸರಕ್ಕೇಂತ ಒಂದು ಕೊಳಾನೂ ಹಾಕಿಸಿದೀನಿ,” ಎಂದ ಧಣಿ. “ಆಸಾಮಿ ಹೋದ್ನಾ?”

“ಮೋಡ ದಾಟಿದ. ಬರೋ ಹೊತ್ತಿಗೆ ಕೋಟೆ ಸೂರೆ ಹೋಗಿರತ್ತೆ. ಆಮೇಲೆ ಬಂದು ದಿಡ್ಡಿ ಬಾಗಿಲು ಹಾಕ್ಕೊಳ್ಳಲಿ.”

ಇಬ್ಬರೂ ನಕ್ಕರು. ಆಕ್ಷೇಪಣೆಯ ಕಾಗದಕ್ಕೆ ನಿರ್ದೇಶಕರು ಹಸಿರು ಸಹಿ ಹಾಕಿದರು. ಇನ್ನು ಕೆರೆಯ ಮೂಲ ಕಡತ ತೆಗೆದು ಲಗತ್ತಿಸುವುದಷ್ಟೇ ಬಾಕಿ: ಹನ್ನೆರಡು ವರ್ಷದ ನಕ್ಷೆ, ಅಳತೆ, ಕಪ್ಪೆ ಲೆಕ್ಕ ಎಲ್ಲ ಸೇರಿ ನಾಲ್ಕು ದಪ್ಪ ಸಂಪುಟ. ಕಪ್ಪೆರಾಯರ ಕೋಣೆಗೆ ಹೋಗಿ ಕಪಾಟಿಗೆ ಬೀಗದ ಕೈ ಹಾಕಿದರು. ಸಲೀಸಾಗಿ ತಿರುಗಿತು.

ಕಡತವಿರುತ್ತಿದ್ದ ಖಾನೆಯಲ್ಲಿ ಎರಡು ಸ್ವೆಟರ್ ಮಡಚಿಟ್ಟಿದ್ದವು. ಮೇಲೆ ಹನ್ನೊಂದನೆಯ ಅನುಮತಿ ಹಾಳೆ: ‘ಕೆರೆಯ ನಾಲ್ಕೂ ಮೂಲ ಸಂಪುಟಗಳನ್ನು ವಿದೇಶಕ್ಕೆ ಒಯ್ಯಲು ಒಪ್ಪಿಗೆಯಿದೆ.’ ಕೆಳಗೆ ಹಸಿರು ಸಹಿ.

ಹಾಳೆ ಹಾರದಂತೆ ಅದರ ಮೇಲೆ ಭಾರಕ್ಕಿಟ್ಟಿದ್ದು, ನಿನ್ನೆ ತಾವೇ ಕೊಟ್ಟ ಕಲ್ಲಿನ ಫಲಕ.