ಬಿಸಿಲಿಗಿಟ್ಟ ಮುಖ

"ಈ ಮೂತಿ ಇನ್ನೂ ಎಷ್ಟು ದಿನ ತಡೆಯುತ್ತೋ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮನೆಯಲ್ಲೇ ಫೋಟೋ ಆಲ್ಬಮ್ ಕಟ್ಟುವ ಅಕ್ಕ ಅಂಟಿನ ಬ್ರಷ್ ಹಿಡಿದುಕೊಂಡು, ಮೇಜಿನ ಮೇಲೆ ಕಿಟಕಿಗೆ ಎದುರಾಗಿ ನಿಲ್ಲಿಸಿದ್ದ ಹಲಗೆಯನ್ನು ಕೇಳುತ್ತಿದ್ದಳು. ಲಿಫ್ಟಿಲ್ಲದ ಕಟ್ಟಡದ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದ ಅವಳ ತಮ್ಮ, ಲಿಫ್ಟ್ ಮೆಕ್ಯಾನಿಕ್, ಹಲಗೆ ನೋಡಿ ತಬ್ಬಿಬ್ಬಾದ. ಅಲ್ಲಿ ಅಂಟಿಸಿದ್ದ ಫೋಟೋದಲ್ಲಿದ್ದದ್ದು ಅವನದೇ ಮೂತಿ. ಒಂದಲ್ಲ, ನಾಲ್ಕು. ಪ್ರತಿಯೊಂದರ ಅರ್ಧಕ್ಕೂ ಕಪ್ಪು ರಟ್ಟು ಮುಚ್ಚಿತ್ತು.

"ಇದೇನಕ್ಕಾ, ಒದ್ದೆ ಬಟ್ಟೆ ಥರ ನನ್ನ ಬಿಸಿಲಿಗೆ ಹಾಕಿದ್ದೀಯಲ್ಲ!"

ಅಕ್ಕ ತಿರುಗಿ ನೋಡಿದಳು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅಮ್ಮ ತೀರಿಕೊಂಡ ದಿನ, "ನೀನು ಸರಿಯಾಗಿ ನೋಡಿಕೊಂಡಿದ್ದರೆ ಇನ್ನೂ ಇರುತ್ತಿದ್ದಳು" ಎಂದು ನಾಲ್ಕು ಜನರೆದುರು ಅಂದು ಹೋದವನು, ಮತ್ತೆ ಈ ಹೊಸ್ತಿಲು ತುಳಿದದ್ದು ಇವತ್ತೇ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೆ ಇನ್ನೂ ಆಗಿರಲಿಲ್ಲ.

ಅವನು ಚೀಲದಿಂದ ಒಂದು ಫೋಟೋ ತೆಗೆದ. ಅಮ್ಮನ ಸೀರೆಯ ನೀಲಿ ಎಲ್ಲೋ ಹೊರಟುಹೋಗಿತ್ತು. ಮುಖ ಜ್ವರ ಬಂದವರ ಹಾಗೆ ಕೆಂಪಗಿತ್ತು.

"ಭಾವನ ಕೈಲಿ ನೀನೇ ಕಳಿಸಿದ್ದು. ಗೋಡೆ ಮೇಲಿಟ್ಟೆ, ಹೀಗಾದಳು. ಇನ್ನೊಂದು ಪ್ರಿಂಟ್ ಹಾಕಿಕೊಡ್ತೀಯಾ? ಗಟ್ಟಿಯಾಗಿರೋದು."

"ನನ್ನ ಗೋಡೆ ಮೇಲೂ ಹಾಗೇ ಆಗಿದ್ದಾಳೆ. ಅದಕ್ಕೇ ಎಷ್ಟೋ ತಿಂಗಳಿಂದ ಈ ಪರೀಕ್ಷೆ." ಅಕ್ಕನ ದನಿಯಲ್ಲಿ ಕೆಲಸದವಳ ಬಿಗಿ ಇತ್ತು. "ಎರಡು ಥರ ಇಂಕು, ಎರಡು ಥರ ಕಾಗದ. ಡೈ ಇಂಕು ಅಂದ್ರೆ ಕರಗಿದ ಬಣ್ಣ. ಮೊದಮೊದಲು ಥಳಥಳ, ಆಮೇಲೆ ಹೇಳದೆ ಕೇಳದೆ ಮಾಯ. ಪಿಗ್ಮೆಂಟ್ ಇಂಕು ಸಣ್ಣ ಪುಡಿ, ಕೂತಲ್ಲಿಂದ ಏಳಲ್ಲವಂತೆ. ಕಾಗದ ಒಂದು ಹೊಳೆಯೋದು, ಒಂದು ಹತ್ತಿಯದು. ಯಾವ ಜೋಡಿ ಬಾಳುತ್ತೋ ಅದರಲ್ಲಿ ಅಮ್ಮ."

"ಅದಕ್ಕೆ ನನ್ನ ಮುಖಾನೇ ಬೇಕಿತ್ತಾ?"

"ಹೋದರೆ ಹೋಗಲಿ ಅನ್ನೋ ಮುಖ ಬೇಕಿತ್ತು."

ಪೆಟ್ಟು ನೆಟ್ಟಗೆ ಬಿತ್ತು. ಅವನು ಒಂದೊಂದೇ ರಟ್ಟು ಎತ್ತಿದ. ಮುಚ್ಚಿದ ಕೆನ್ನೆಗೂ ತೆರೆದ ಕೆನ್ನೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಾಲ್ಕರಲ್ಲೂ ಇಲ್ಲ!

"ಎಲ್ಲ ಗಟ್ಟಿ ಇದೆಯಲ್ಲಕ್ಕಾ. ಈ ಮೊದಲನೇದು ಯಾವುದು?"

"ಡೈ ಇಂಕು, ಹೊಳೆಯೋ ಕಾಗದ. ಅಮ್ಮನಿಗೆ ಹಾಕಿದ್ದೇ."

ಅದೇ ಇಂಕು, ಅದೇ ಕಾಗದ. ನೆರಳಿನ ಗೋಡೆಯ ಮೇಲಿದ್ದ ಅಮ್ಮ ಮಾಸಿದಳು, ಬಿಸಿಲಿಗೆ ಮುಖಕೊಟ್ಟ ತಾನು ಮಾಸಲಿಲ್ಲ. ಇದು ಹೇಗೆ? ಯಂತ್ರ ಕೆಟ್ಟರೆ ಮೇಲಿನಿಂದ ಕೆಳಗಿನವರೆಗೆ ನೋಡುವುದು ಅವನ ಅಭ್ಯಾಸ. ಹಾಗೇ ನೋಡುತ್ತ ಹೋದವನ ಕಣ್ಣು ಕಿಟಕಿಗೆ ಅಡ್ಡ ಎಳೆದಿದ್ದ ಪರದೆಯ ಮೇಲೆ ನಿಂತಿತು. ಅಂಚು ಹಿಡಿದು ಹೊರಳಿಸಿದ. ಕೋಣೆಯ ಕಡೆ ಕಡುನೀಲಿ. ಗಾಜಿನ ಕಡೆ ಬೂದಿ.

"ಪರದೆ ಯಾವಾಗ ಎಳೀತೀಯ?"

ಅಕ್ಕ ಮೇಜಿನತ್ತ ತಿರುಗಿದಳು. ಅಡುಗೆಮನೆಯಿಂದ ಭಾವನ ದನಿ ಬಂತು. "ಸರಿಯಾಗಿ ಬಿಸಿಲು ಬೀಳೋ ಹೊತ್ತಿಗೆ! ಬಿಸಿಲು ಹೋದಮೇಲೆ ತೆಗೀತಾಳೆ. ನಾನು ಕೇಳಿದ್ರೆ ನನ್ನ ಮೇಲೇ ಹಾರಾಡ್ತಾಳೆ."

"ಕಣ್ಣಿಗೆ ಕುಕ್ಕುತ್ತೆ, ಅದಕ್ಕೆ," ಅಂದಳು ಅಕ್ಕ, ಒಣಗಿದ ಬ್ರಷ್ಷನ್ನು ರಟ್ಟಿನ ಮೇಲೆ ಸುಮ್ಮನೆ ಆಡಿಸುತ್ತ.

ತಮ್ಮನಿಗೆ ನಿಂತ ನೆಲ ಇಷ್ಟಿಷ್ಟೇ ಕೆಳಗಿಳಿದಂತಾಯಿತು. ಅವನ ಪಾಲಿನ ಬಿಸಿಲೆಲ್ಲ ಕುಡಿದು ಬೂದಿಯಾದ ಬಟ್ಟೆಯನ್ನು ಬೆರಳಲ್ಲಿ ಸವರಿದ.

"ಅಕ್ಕಾ, ಅವತ್ತು ನಾನು ಅನ್ನಬಾರದಿತ್ತು. ಹೀಗೆ ಮಾಡಿದ್ರೆ ಅಮ್ಮನ ಫೋಟೋ ಯಾವತ್ತೂ ಆಗಲ್ಲ. ನನ್ನ ಬಿಸಿಲಿಗೆ ಬಿಟ್ಟುಬಿಡು."

ಅವನೇ ಸರಕ್ಕನೆ ಪರದೆ ಸರಿಸಿದ. ನಡುಹಗಲ ಬಿಸಿಲು ನಾಲ್ಕೂ ಮುಖಗಳ ಮೇಲೆ ಬಿತ್ತು. ಅಕ್ಕ ಬ್ರಷ್ ಎಸೆದು ಬಂದು, ಅವನ ಕೈಯಿಂದ ಪರದೆ ಕಿತ್ತುಕೊಂಡು, ಮೊದಲಿನ ಹಾಗೇ ಎಳೆದಳು.

"ಬೇಕಾದ್ರೆ ನಿಮ್ಮ ಭಾವನ ಮುಖ ಹಾಕ್ತೀನಿ," ಅಂದಳು. "ನಿನ್ನದು ಆಗಲ್ಲ."