ಮೊಂಡು

ಮತ್ತೆ ತುಕ್ಕು.

ಬಾಣಸಿಗ ಚಾಕುವನ್ನು ಎಡಗೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ನಿನ್ನೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದ ಅಲಗಿನ ತುಂಬ ಕಂದು ಚುಕ್ಕೆಗಳು. ಮಾಂಸ ಕೊಯ್ಯುವ ಉದ್ದನೆಯದಕ್ಕೂ ಹಿಡಿದಿತ್ತು, ತರಕಾರಿ ಹೆಚ್ಚುವ ಅಗಲದ್ದಕ್ಕೂ ಹಿಡಿದಿತ್ತು. ಸಿಪ್ಪೆ ತೆಗೆಯುವ ಪುಟಾಣಿಯನ್ನೂ ಬಿಟ್ಟಿರಲಿಲ್ಲ.

"ಇದು ತಾನಾಗಿ ಹಿಡಿದ ತುಕ್ಕಲ್ಲ," ಎಂದ. "ಯಾರೋ ಹಿಡಿಸಿರೋ ತುಕ್ಕು."

"ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡಿದ್ರಾ?" ಎಂದು ಹೆಂಡತಿ ವಿನಿಗರ್ ಬಾಟಲಿಯನ್ನು ಅವನ ಮುಂದಿಟ್ಟು ಹೋದಳು.

ಒಂದು ಕಾಲಕ್ಕೆ ಅವನು ದೊಡ್ಡ ಹೋಟೆಲಿನ ಅಡುಗೆಮನೆಯನ್ನು ಕಣ್ಸನ್ನೆಯಲ್ಲೇ ಆಳಿದವನು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮನೆ ಸೇರಿದ್ದ. ದಿನವೂ ಕೈಗೆ ಕೆಲಸ ಕೊಡದಿದ್ದರೆ ಅದು ಹಾಗೆಯೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. "ಚೆಂಡಾಡೋಕೆ ನಾನೇನು ಎಳೆ ಮಗೂನಾ?" ಎಂದು ಅವನು ಅದನ್ನು ಪಕ್ಕದ ಮನೆಯ ನಾಯಿಗೆ ಎಸೆದಿದ್ದ. ನಾಯಿ ಬಹಳ ಶ್ರದ್ಧೆಯಿಂದ ವ್ಯಾಯಾಮ ಮಾಡುತ್ತಿತ್ತು.

ಹೋಟೆಲಿನಿಂದ ಅವನ ಜೊತೆ ಬಂದದ್ದು ಈ ಚಾಕುಗಳು ಮಾತ್ರ. ಅವೂ ಹೋದರೆ ತಾನೊಬ್ಬ ಬಾಣಸಿಗನಾಗಿದ್ದೆ ಎನ್ನುವುದಕ್ಕೆ ಏನೂ ಉಳಿಯುವುದಿಲ್ಲ ಎಂಬ ಭಯ ಅವನಿಗಿತ್ತು. ಅಂಥದ್ದರಲ್ಲಿ ಮಗ ಊಟಕ್ಕೆ ಕೂತಾಗ ಬಾಯಿಬಿಟ್ಟಿದ್ದ. "ತುಕ್ಕು ಹಿಡಿಯೋ ಚಾಕು ಯಾಕಪ್ಪಾ ಇಟ್ಕೋಬೇಕು? ಗುಜರಿಗೆ ಹಾಕಿ ಹೊಸದು ತಂದ್ರಾಯ್ತು." ಸೊಸೆ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅಲ್ಲಿಗೆ ಬಾಣಸಿಗನ ಅನುಮಾನ ಗಟ್ಟಿಯಾಯಿತು. ಗಂಡನ ಬಾಯಲ್ಲಿ ಮಾತು ಹಾಕಿದವಳು ಅವಳೇ. ಚಾಕು ಹಾಳು ಮಾಡುತ್ತಿರುವವಳೂ ಅವಳೇ.

ಅಲಗುಗಳಿಗೆ ವಿನಿಗರ್ ಸವರಿ ಸ್ವಲ್ಪ ಹೊತ್ತು ಬಿಟ್ಟ. ಅಡುಗೆ ಸೋಡಾ ಕಲಸಿ ಬಳಿದು ನಾರಿನಿಂದ ಉಜ್ಜತೊಡಗಿದ. ಮೊದಮೊದಲು ಹೆಂಡತಿ ಎದುರಿಗೆ ಕೂತು ಹಿಡಿಕೆಯನ್ನು ಒತ್ತಿ ಹಿಡಿಯುತ್ತಿದ್ದಳು. ಬರಬರುತ್ತಾ ಸರಿಯಾಗಿ ಆ ಹೊತ್ತಿಗೇ ಅವಳಿಗೆ ಬೇರೆ ಕೆಲಸ ಬರತೊಡಗಿತು. ಇನ್ನೇನು ಮಾಡುವುದು, ಬಲಗೈಯನ್ನೇ ಎತ್ತಿ ಹಿಡಿಕೆಯ ಮೇಲೆ ಭಾರಕ್ಕೆ ಇಟ್ಟುಕೊಂಡು ಎಡಗೈಯಲ್ಲಿ ಉಜ್ಜುತ್ತಿದ್ದ. ಚಾಕು ಜಾರುತ್ತಿತ್ತು. ಶಾಪ ಹಾಕುತ್ತಾ ಮತ್ತೆ ಒತ್ತುತ್ತಿದ್ದ.

"ತೊಳೆದ ಕೂಡಲೇ ಒರೆಸಬೇಕು!" ಎಂದು ಗೋಡೆಗೆ ಹೇಳಿದ. ಸೊಸೆ ಗೋಡೆಯ ಆಚೆಗಿದ್ದಳು. "ಸಿಂಕಲ್ಲಿ ಬಿಡಬಾರದು. ಚೆನ್ನಾಗಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಸವರಬೇಕು. ಇಷ್ಟು ಮಾಡಿದ್ರೆ ಯಾವ ಚಾಕುಗೂ ತುಕ್ಕು ಬರಲ್ಲ."

"ಸರಿ ಮಾವ," ಎಂದಳು ಸೊಸೆ. ಮರುದಿನ ಮತ್ತೆ ತುಕ್ಕು.

"ಆ ಹುಡುಗಿ ನನ್ನ ಮೇಲೆ ಕತ್ತಿ ಮಸೀತಿದಾಳೆ ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಮಸೀತಿರೋದು ನೀವಲ್ವೇನ್ರೀ?" ಎಂದು ಅವಳು ಸಾಣೆಕಲ್ಲನ್ನು ಹತ್ತಿರಕ್ಕೆ ಸರಿಸಿದಳು.

ಅವನು ಮಸೆದ. ಒಂದು ಕೈ ಸೋತರೆ ಕೈ ಬದಲಿಸಿ ಮಸೆದ. ಮೈಯೆಲ್ಲ ಕೋಪವಿದ್ದಾಗ ಬೇರೆ ಯಾವುದರ ಕಡೆಗೂ ಗಮನ ಹೋಗುವುದಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಬಚ್ಚಲಿನಿಂದ ಬರುವಾಗ ಅತ್ತೆ ಸೊಸೆಯರ ಮಾತು ಕಿವಿಗೆ ಬಿತ್ತು.

"ಇಷ್ಟು ಮೊಂಡು ನಾನೆಲ್ಲೂ ನೋಡಿಲ್ಲ ಅತ್ತೆ," ಎನ್ನುತ್ತಿದ್ದಳು ಸೊಸೆ.

"ಏನು ಮಾಡೋದಮ್ಮ, ಮೊದಲಿಂದ್ಲೂ ಹಾಗೇ. ಇನ್ನು ಸ್ವಲ್ಪ ದಿನ ಅಷ್ಟೇ."

ಬಾಣಸಿಗನ ಕಿವಿ ಬಿಸಿಯಾಯಿತು. ಅವನ ಚಾಕುಗಳನ್ನು ಮೊಂಡು ಎಂದು ಕರೆದ ಗಂಡಸಿರಲಿಲ್ಲ, ಹೆಂಗಸಿರಲಿಲ್ಲ. ಸಾಲದ್ದಕ್ಕೆ ಸ್ವಲ್ಪ ದಿನವಂತೆ! ಗುಜರಿಯವನಿಗೆ ಆಗಲೇ ಹೇಳಿಯಾಗಿದೆ ಎಂದಾಯಿತು. ಹೆಂಡತಿ ಪಾಪ, ಸೊಸೆಯ ಬಾಯಿಗೆ ಹೆದರಿ ಹೂಂ ಎನ್ನುತ್ತಿದ್ದಾಳೆ.

ಮರುದಿನ ಊಟವಾದ ಮೇಲೆ ಹೊದ್ದು ಮಲಗಿದ. ಗೊರಕೆ ಹೊಡೆದ. ಅನುಭವವಿಲ್ಲದ ಕೆಲಸವಾದ್ದರಿಂದ ಸ್ವಲ್ಪ ಜಾಸ್ತಿಯೇ ಹೊಡೆದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಕಳ್ಳಹೆಜ್ಜೆ ಇಡುತ್ತಾ ಬಾಗಿಲಿಗೆ ಬಂದ.

ಸೊಸೆ ಬಟ್ಟಲಲ್ಲಿ ಉಪ್ಪುನೀರು ಕದಡುತ್ತಿದ್ದಳು. ಅದರಲ್ಲಿ ಬಟ್ಟೆ ಅದ್ದಿ ಅದ್ದಿ, ಮಗುವಿನ ಮೈ ಒರೆಸುವಷ್ಟು ಜೋಪಾನವಾಗಿ, ಒಂದೊಂದೇ ಚಾಕುವಿನ ಎಣ್ಣೆ ತೆಗೆದು ಉಪ್ಪುನೀರು ಹಚ್ಚುತ್ತಿದ್ದವಳು ಅವನ ಹೆಂಡತಿ.

ಸೊಸೆ ಒಬ್ಬಳೇ ಆಗಿದ್ದರೆ ಮನೆ ಹಾರಿಹೋಗುವಂತೆ ಕೂಗುತ್ತಿದ್ದ. ಆದರೆ ಇವಳು! ಇಷ್ಟು ವರ್ಷ ಜೊತೆಗೆ ಬಾಳಿದವಳು. ಅವನ ಸಂಕಟವನ್ನೆಲ್ಲ ಕೇಳಿಸಿಕೊಂಡು ಸಾಣೆಕಲ್ಲು ಸರಿಸಿದವಳು. ಅವನಿಗೆ ನಿಜವಾಗಿಯೂ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಕೋಪ ಬಂತು. ಒಂದೇ ಹೆಜ್ಜೆಗೆ ಒಳಗೆ ನುಗ್ಗಿ ಅವಳ ಮುಂದಿದ್ದ ಚಾಕುವನ್ನು ಕಸಿದುಕೊಂಡ.

"ನೀನಾ?" ಎಂದು ಅದನ್ನು ಅವಳ ಮುಖದೆದುರು ಝಳಪಿಸಿದ. "ನನ್ನ ಕತ್ತು ಕುಯ್ಯೋಕೆ ನೀನೇ ಬೇಕಿತ್ತಾ? ನಾನೇನು ಮಾಡಿದ್ದೆ ನಿಂಗೆ?"

ಸೊಸೆ ಗೋಡೆಗೆ ಅಂಟಿಕೊಂಡಳು. ಹೆಂಡತಿ ಅಲುಗಲಿಲ್ಲ. ಅವಳು ಅವನ ಮುಖವನ್ನೂ ನೋಡುತ್ತಿರಲಿಲ್ಲ. ಗಾಳಿಯಲ್ಲಿ ಆಡುತ್ತಿದ್ದ ಚಾಕುವನ್ನೇ ನೋಡುತ್ತಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ತುಂಬಿ ಬಂದಿತ್ತು.

"ಬೈಯೋದು ಆಮೇಲೆ ಬೈರಿ," ಎಂದಳು. "ಮೊದಲು ಚಾಕು ಯಾವ ಕೈಯಲ್ಲಿದೆ ನೋಡ್ಕೊಳ್ಳಿ."

ಬಲಗೈಯಲ್ಲಿತ್ತು.